ಮಾವನ ಬೆರಳು, ಮಿನಿಬೈಕಿನ ಕಿಡಿ

ಸ್ಟೋನಿ ಕೋವ್, ಮಿಶಿಗನ್
9 ಸೆಪ್ಟೆಂಬರ್ 1993, ಗುರುವಾರ

ಪ್ರೀತಿಯ ಆರ್ವೊ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೆ? ಎಂಜಿನ್ ರೂಮಿನ ಕಬ್ಬಿಣದ ಏಣಿ ಹತ್ತಿಳಿಯುವಾಗ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಅಥವಾ ನಾನು ಚೀಲದಲ್ಲಿ ಇಟ್ಟ ಹಾಗೆಯೇ ಅದು ಮಡಿಕೆ ಬಿಚ್ಚದೆ ಕೂತಿದೆಯೋ? ಹೊಸ ಅಡುಗೆಯವನು ಉಪ್ಪು ಹೆಚ್ಚು ಹಾಕುತ್ತಾನೆ ಎಂದು ನೀನು ಬರೆದಿದ್ದೆ. ಹಾಗಿದ್ದರೆ ಸಾರನ್ನು ಬಿಟ್ಟು ಆಲೂಗಡ್ಡೆಯನ್ನಷ್ಟೇ ತಿನ್ನು. ರಕ್ತದೊತ್ತಡದ ಮಾತ್ರೆ ಮರೆಯಬೇಡ. ಇಷ್ಟನ್ನು ಮೊದಲು ಕೇಳಿಬಿಟ್ಟೆ, ಯಾಕೆಂದರೆ ಇನ್ನು ಮುಂದೆ ಬರೆಯುವುದರಲ್ಲಿ ನಿನ್ನ ಆರೋಗ್ಯದ ಚಿಂತೆ ಎಲ್ಲೂ ಕಾಣಿಸುವುದಿಲ್ಲ. ಈ ಪತ್ರ ಡೆಟ್ರಾಯಿಟ್ ನದಿಯಲ್ಲಿ ಅಂಚೆದೋಣಿಯಿಂದ ಬಕೆಟ್ಟಿನಲ್ಲಿ ಕೂತು ಹಗ್ಗದ ಮೇಲೆ ನಿನ್ನ ಹಡಗು ಏರುವಷ್ಟರಲ್ಲಿ ನನ್ನ ಸಿಟ್ಟು ಆರಿರುತ್ತದೆ, ಆಮೇಲೆ ಬರೆದದ್ದಕ್ಕೆ ಪಶ್ಚಾತ್ತಾಪವಾಗುತ್ತದೆ ಎಂದು ಕೆಲವು ದಿನ ಕಾದು ನೋಡಿದೆ. ಆರಲಿಲ್ಲ. ಬಿಸಿಬಿಸಿಯಾಗಿಯೇ ಕಳಿಸುತ್ತಿದ್ದೇನೆ.

ಇಲ್ಲಿಯ ಸುದ್ದಿ ಒಂದೇ. ನಿನ್ನ ಅಪ್ಪನ ಮಿನಿಬೈಕ್ ಸ್ಟಾರ್ಟ್ ಆಯಿತು. ಈ ವಾಕ್ಯ ಓದಿ ನಿನ್ನ ಮುಖ ಹೇಗಾಯಿತು ಎಂಬುದು ನನಗೆ ಅಡುಗೆಮನೆಯ ಮೇಜಿನಿಂದಲೇ ಕಾಣುತ್ತಿದೆ. ಪತ್ರ ಮಡಿಸಿ ಜೇಬಿಗೆ ಹಾಕಿಕೊಳ್ಳಬೇಡ. ಏನೇನಾದ ಮೇಲೆ ಸ್ಟಾರ್ಟ್ ಆಯಿತು ಎಂಬುದನ್ನು ನೀನು ಸಾಲು ಬಿಡದೆ ಓದಬೇಕು.

ಮಾವನಿಗೆ ಆ ಗಾಡಿ ಏನೆಂದು ನಿನಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಕಣ್ಣಿನ ನಡುಭಾಗ ಮಂಜಾಗಿ ಕಾರಿನ ಲೈಸೆನ್ಸ್ ಹೋದ ಮೇಲೆ ಅವರಿಗೆ ಉಳಿದದ್ದು ಅದೊಂದೇ. ಕಂಬಿ ಕಿತ್ತ ಹಳೆಯ ರೈಲುದಾರಿಯಲ್ಲಿ ನಿಧಾನವಾಗಿ ಹೋಗಿ, ದಡದ ದೋಣಿಮನೆಯಲ್ಲಿ ಹಳೆಯ ಗೆಳೆಯ ಸುಲೊ ಜೊತೆ ಬಲೆ ಹೆಣೆದು, ಬಿಳಿಮೀನು ಸೀಳಿ, ಸಂಜೆಗೆ ವಾಪಸು. ಸುಲೊ ದೂರದಿಂದಲೇ ಶುರು ಮಾಡುತ್ತಿದ್ದ: “ಲೋ ಯಾಲ್ಮರಿ, ನಿನ್ನ ಕತ್ತೆ ಅರಚೋದು ಕೇಳಿ ಅರ್ಧ ಗಂಟೆ ಆಯ್ತು, ನೀನು ಈಗ ಬರ್ತಿದೀಯಲ್ಲೋ!” ಮಾವನ ಉತ್ತರವೂ ಪ್ರತಿ ದಿನ ಅದೇ: “ನಿನಗೆ ಕಿವಿಯಾದ್ರೂ ಇದೆಯಲ್ಲ, ದೇವರು ದೊಡ್ಡವನು.” ಬೆಳಗಿನ ಕಾಫಿಯಿಂದ ಸಂಜೆಯವರೆಗಿನ ಅವರ ಬದುಕೆಲ್ಲ ಆ ಪುಟ್ಟ ಎಂಜಿನ್ನಿನ ಹಗ್ಗದ ತುದಿಗೆ ಕಟ್ಟಿಕೊಂಡಿತ್ತು.

ಏಪ್ರಿಲ್‌ನಲ್ಲಿ ನೀನು ಹಡಗು ಹತ್ತಿದ ವಾರವೇ ಅದು ನಿಂತಿತು. ಸ್ಟಾರ್ಟ್ ಮಾಡುವ ಹಗ್ಗ ಎಳೆದರು, ಎಳೆದರು, ಉಸಿರಿಲ್ಲ. ಒಬ್ಬರೇ ಶೆಡ್ಡಿನಲ್ಲಿ ಬಹಳ ಹೊತ್ತು ಏನೋ ಮಾಡಿದರು. ಹೊರಗೆ ಬಂದು, “ಕಿಡಿ ಚೆನ್ನಾಗಿದೆ, ನೋಡಿದೆ. ಪೆಟ್ರೋಲಿನದೇ ಏನೋ ತಕರಾರು. ನನಗೆ ಕಣ್ಣಿಲ್ಲ, ಕೈಕೆಲಸ ನೀನು ಮಾಡ್ತೀಯೇನಮ್ಮ?” ಎಂದರು. ಕಾಲೇಜಿಗೆ ಬೇಸಿಗೆ ರಜೆ ಬಂದ ಮೇಲೆ ಕೈ ಹಾಕಿದೆ. ಓದಬೇಕೆಂದು ಎತ್ತಿಟ್ಟ ಕವಿತೆಗಳ ಪುಸ್ತಕಗಳು ಕಿಟಕಿಯ ಬಳಿಯೇ ಉಳಿದವು. ನನ್ನ ಉಗುರಿನೊಳಗೆ ಮಸಿ ಸೇರಿತು.

ಟ್ಯಾಂಕ್ ಬಿಚ್ಚಿದೆ. ತುಕ್ಕು ಬಿಡಲಿ ಎಂದು ಒಳಗೆ ಹಿಡಿ ಸಣ್ಣ ಜಲ್ಲಿಕಲ್ಲು ಹಾಕಿ ತೋಳು ಸೋಲುವವರೆಗೆ ಕುಲುಕಿದೆ. ಕಾರ್ಬುರೇಟರ್ ಬಿಚ್ಚಿ, ಅದರ ಕೂದಲೆಳೆಯಂಥ ತೂತುಗಳನ್ನು ಹಳೆಯ ಗಿಟಾರಿನ ತಂತಿಯಿಂದ ಬಿಡಿಸಿದೆ. ಎರಡು ಭಾಗಗಳ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಕೊಳ್ಳುವುದೇಕೆ ಎಂದು ನನ್ನ ಓಟ್ಸ್ ಡಬ್ಬಿಯ ರಟ್ಟನ್ನು ಕತ್ತರಿಸಿದೆವು. ಪಿಂಚಣಿಯಲ್ಲಿ ಬದುಕುವವರ ಎಂಜಿನ್ ರಿಪೇರಿ ಹೀಗೆಯೇ, ಮನೆಯಲ್ಲಿದ್ದುದೇ ಬಿಡಿಭಾಗ. ಹಗ್ಗ ಎಳೆದರೆ ಮತ್ತೆ ಉಸಿರಿಲ್ಲ. ಆಗ ಮಾವ, “ಪ್ಲಗ್ಗಿನ ತೂತಿಗೆ ಹೆಬ್ಬೆಟ್ಟು ಇಡು, ನಾನು ಎಳೀತೀನಿ. ಒಳಗಿನ ಗಾಳಿ ಹೆಬ್ಬೆಟ್ಟನ್ನ ಒದ್ದು ಆಚೆಗೆ ತಳ್ಳಬೇಕು. ತಳ್ತಾ?” ಎಂದರು. “ಮುತ್ತು ಕೊಟ್ಟ ಹಾಗಾಯ್ತು ಮಾವ” ಎಂದೆ. “ಹಂಗಾದ್ರೆ ಪಿಸ್ಟನ್ ರಿಂಗ್ ಸವೆದು ಗಾಳಿ ಸೋರ್ತಿದೆ. ಎಂಜಿನ್ ಮುತ್ತು ಕೊಡಬಾರದು, ಒದೀಬೇಕು.”

ರಿಂಗ್ ಕೇಳಲು ಪೇಟೆಯ ಅಂಗಡಿಗೆ ಹೋದರೆ ಆ ಹುಡುಗ ಹೊಸ ಎಂಜಿನ್ನನ್ನೇ ಮಾರಲು ನೋಡಿದ. ಮಾವ ಅವನೆದುರೇ ನನಗೆ ಹೇಳಿದರು: “ಇವನ ಹತ್ರ ಹಲ್ಲುನೋವು ಅಂತ ಬಾಯಿ ಬಿಡಬೇಡ, ತಲೆ ಬದಲಾಯಿಸಿ ಅಂತಾನೆ.” ಕೊನೆಗೆ ಊರ ಕಸದ ಗುಡ್ಡೆಯಲ್ಲಿ ಯಾರೋ ಎಸೆದ ತೋಟ ಉಳುವ ಯಂತ್ರ ಸಿಕ್ಕಿತು. ಅದೇ ಅಳತೆಯ ಎಂಜಿನ್, ಮೈ ಸೀಳಿಹೋಗಿತ್ತು, ಆದರೆ ಒಳಗಿನ ಪಿಸ್ಟನ್ನು ರಿಂಗು ಗಟ್ಟಿಯಾಗಿದ್ದವು. ನಮ್ಮ ಕಾರು ಇನ್ನೂ ಆ ವಾಸನೆ ಬಿಟ್ಟಿಲ್ಲ. ವಾಲ್ವುಗಳಿಗೆ ಅರೆಯುವ ಮುಲಾಮು ಹಚ್ಚಿ, ಅವಕ್ಕೆ ಸಿಕ್ಕಿಸಿದ ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿ ತಿರುಗಿಸಿ ಕೂರಿಸಿದೆ. ನಿಜ ಹೇಳಲೆ? ನನಗೆ ಆ ಕೆಲಸ ಇಷ್ಟವಾಯಿತು. ಒಂದು ಭಾಗ ಇನ್ನೊಂದರೊಳಗೆ ಸದ್ದಿಲ್ಲದೆ ಕೂರುವಾಗ ಒಳ್ಳೆಯ ಸಾಲೊಂದನ್ನು ಓದಿ ಮುಗಿಸಿದಂತಾಗುತ್ತಿತ್ತು. ಆ ಸಂತೋಷವನ್ನೂ ನೀನು ನನ್ನಿಂದ ಕಸಿದುಕೊಂಡಿದ್ದೀಯ.

ಏಕೆಂದರೆ ಅಷ್ಟು ದಿನವೂ ನನ್ನ ಕಣ್ಣೆದುರೇ ಇನ್ನೊಂದು ನಡೆಯುತ್ತಿತ್ತು. ಮಾವ ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಸಿಯಿಂದ ಕಾಫಿ ಹೀರುವುದನ್ನು ಬಿಟ್ಟರು. ಲೋಟದಲ್ಲೇ ಕುಡಿಯುತ್ತಿದ್ದರು, ಎರಡೂ ಕೈಯಲ್ಲಿ ಹಿಡಿದು. ಏಲಕ್ಕಿ ಬ್ರೆಡ್ಡನ್ನು ನಾನೇ ಕತ್ತರಿಸಿ ಕೊಡಲಿ ಎಂದು ಕಾಯುತ್ತಿದ್ದರು. ಒಂದು ದಿನ ಸುಲೊ ಮನೆಗೆ ಬಂದಾಗ ಮೀನು ಸೀಳುವ ಚಾಕುವನ್ನು, ಐವತ್ತು ವರ್ಷ ತಾವೇ ಮಸೆದು ಸಣ್ಣಗಾಗಿಸಿದ ಆ ಚಾಕುವನ್ನು, ಅವನ ಕೈಗೆ ಕೊಟ್ಟುಬಿಟ್ಟರು. “ಸಾಯೋಕೆ ಹೊರಟಿದೀಯೇನೋ?” ಎಂದು ಸುಲೊ ನಕ್ಕ. “ನಿನ್ನ ಚಾಕು ನೋಡಿ ಮೀನುಗಳೇ ನಗ್ತಿವೆ, ಅದಕ್ಕೆ” ಎಂದರು ಮಾವ. ನಾವು ಮೂವರೂ ನಕ್ಕೆವು. ಅವರ ನಗು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ.

ಆಗಸ್ಟ್ ಕೊನೆಗೆ ಎಂಜಿನ್ ಪೂರ್ತಿ ಜೋಡಿಸಿದೆವು. ಹೆಬ್ಬೆಟ್ಟನ್ನು ಈಗ ಕತ್ತೆ ಒದ್ದ ಹಾಗೆ ಒದೆಯುತ್ತಿತ್ತು. ಹಗ್ಗ ಎಳೆದರು. ಏನೂ ಇಲ್ಲ. ಮಾವ ಹಬೆಸ್ನಾನದ ಸೌನಾ ಮನೆಯ ಮೆಟ್ಟಿಲ ಮೇಲೆ ಕೂತರು. ಆಗ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ:

“ಎಲ್ವಿ, ಕಿಡಿ ನೋಡಿದೆ ಅಂತ ಸುಳ್ಳು ಹೇಳಿದ್ದೆ. ಕಣ್ಣಿಗೆ ಕಾಣಲ್ಲ. ಮೊದಲಿಂದ ಮಾಡೋ ಹಾಗೆ ಪ್ಲಗ್ಗಿನ ತಂತಿ ಬೆರಳಲ್ಲಿ ಹಿಡ್ಕೊಂಡು ಹಗ್ಗ ಎಳೆದೆ. ಜುಂ ಅಂತ ಹೊಡೀಬೇಕಿತ್ತು. ಏನೂ ಗೊತ್ತಾಗಲಿಲ್ಲ. ಕಿಡಿ ಹುಟ್ಟಿಸೋ ಒಳಗಿನ ಪಾಯಿಂಟ್ ಅಕ್ಟೋಬರಲ್ಲಿ ನಾನೇ ಹೊಸದು ಹಾಕಿದ್ದು, ಮಾರ್ಚ್‌ವರೆಗೂ ಓಡಿದೆ, ಕಿಡಿ ಎಲ್ಲಿಗೆ ಹೋಗುತ್ತೆ? ಹೋಗಿರೋದು ನನ್ನ ಕೈ ಅಂದ್ಕೊಂಡೆ. ಎಮಿಲಂಗೂ ಹಿಂಗೇ ಶುರುವಾಗಿದ್ದಲ್ವಾ.”

ಎಮಿಲ್ ದೊಡ್ಡಪ್ಪನಿಗೆ ಲಕ್ವ ಹೊಡೆದದ್ದು ನಿನಗೆ ನೆನಪಿದೆ. ಮೊದಲು ಕೈ ಜೋಮು ಹಿಡಿಯಿತು, ಆಮೇಲೆ ಬಾಯಿ ಸೊಟ್ಟಗಾಯಿತು, ಆಮೇಲೆ ಎರಡು ಚಳಿಗಾಲ ಹಾಸಿಗೆಯಲ್ಲಿ ಮಾತಿಲ್ಲದೆ. ಅವರ ಬಾಯಿ ಒರೆಸುತ್ತಿದ್ದವರು ಮಾವನೇ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಆರ್ವೊ, ನಿನ್ನ ಅಪ್ಪ ಪ್ರತಿ ರಾತ್ರಿಯೂ, ಬೆಳಿಗ್ಗೆ ಏಳುವಷ್ಟರಲ್ಲಿ ಬಾಯಿ ಸೊಟ್ಟಗಿರುತ್ತದೆ ಎಂದುಕೊಂಡು ಮಲಗಿದ್ದಾರೆ. ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ, ನನಗೆ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. “ಹೇಳಿದ್ರೆ ನೀನು ಆರ್ವೊಗೆ ಬರೀತೀಯ. ಅವನು ಕೆಲಸ ಬಿಟ್ಟು ಓಡಿ ಬರ್ತಾನೆ. ಒಳ್ಳೆ ಹುಡುಗ” ಎಂದರು. ಒಳ್ಳೆ ಹುಡುಗ! ಈ ಎರಡು ಮಾತನ್ನು ಬರೆಯುವಾಗ ನನ್ನ ಪೆನ್ನು ಕಾಗದವನ್ನು ಹರಿಯಿತು, ನೀನೇ ನೋಡು.

“ತಂತಿ ನನಗೆ ಕೊಡಿ. ನೀವು ಹಗ್ಗ ಎಳೀರಿ” ಎಂದೆ. ಎಳೆದರು. ಏನೂ ಇಲ್ಲ. “ಇನ್ನೊಂದು ಸಲ, ಜೋರಾಗಿ.” ಏನೂ ಇಲ್ಲ. “ಮಾವ, ನನ್ನ ಕೈಯೂ ಸತ್ತುಹೋಗಿದೆ” ಎಂದೆ. ಅವರು ನಗಲಿಲ್ಲ. ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಕಾಣೆಯಾದ ನಾಯಿ ಮನೆಗೆ ಬಂದ ಹಾಗೆ ಅದನ್ನು ಸವರುತ್ತಾ ಕೂತರು.

ಪಾಯಿಂಟ್ ಇರುವುದು ಫ್ಲೈವೀಲಿನ ಕೆಳಗೆ. ಆ ಭಾರದ ಚಕ್ರವನ್ನು ಎಳೆದು ತೆಗೆಯುವ ಸಾಧನ ಸುಲೊ ಹತ್ತಿರವಿತ್ತು, ತಾನೇ ಹೊತ್ತುಕೊಂಡು ಬಂದ. ಮೇಲಿನ ತಗಡು ತೆಗೆದಾಗ ಚಕ್ರದ ನಟ್ಟಿನ ಮೇಲೆ ಒಂದು ಬಿಳಿ ಗೆರೆ ಕಂಡಿತು. ಬಿಗಿ ಮಾಡಿದ ನಟ್ಟು ಜರುಗಿದರೆ ತಿಳಿಯಲಿ ಎಂದು ಹಡಗಿನ ಎಂಜಿನಿಯರ್ ಬಳಿಯುವ ಗೆರೆ. ನಮ್ಮ ನಲ್ಲಿಯ ಮೇಲಿದೆ, ಸೌನಾದ ಒಲೆಯ ಮೇಲಿದೆ, ನಮ್ಮ ಮಂಚದ ಬೋಲ್ಟಿನ ಮೇಲೂ ಇದೆ. ಅದು ನಿನ್ನ ಕೈಯ ಗೆರೆ. ಚಕ್ರ ಬಂತು. ಮಾವ ಬೆರಳು ಹಾಕಿ ತಡಕಿ, ಪಾಯಿಂಟಿನ ನಡುವಿನಿಂದ ಒಂದು ಚೂರನ್ನು ಹೊರಗೆಳೆದರು. ಕಾಫಿ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಿಂದ ಕತ್ತರಿಸಿದ ಚೂರು, ಉಗುರಿನಷ್ಟು. ಅದು ಅಡ್ಡ ಕೂತರೆ ಕಿಡಿ ಹುಟ್ಟುವುದೇ ಇಲ್ಲ. ಸುಲೊ ಅದನ್ನು ಬೆಳಕಿಗೆ ಹಿಡಿದ. “ಇಲಿ ಮಾಡಿದ್ದಲ್ಲ ಕಣೋ ಯಾಲ್ಮರಿ. ಇಲಿ ಕತ್ತರಿ ಹಿಡಿಯಲ್ಲ.” ಮಾವ ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡು, “ಹುಡುಗ ಅಚ್ಚುಕಟ್ಟಾಗಿ ಮಾಡಿದಾನೆ” ಎಂದರು. ಅಷ್ಟೆ. ಸುಲೊ ಬೂಟು ನೋಡುತ್ತಾ, “ನಿನ್ನ ಚಾಕು ನಾಳೆ ತಂದುಕೊಡ್ತೀನಿ. ಸ್ವಲ್ಪ ಮೊಂಡಾಗಿದೆ, ಅದರಲ್ಲಿ ಬಣ್ಣದ ಡಬ್ಬಿಯ ಮುಚ್ಚಳ ಮೀಟಿದ್ದೆ” ಎಂದ.

ಆ ಚೂರಿನ ಮೂಲೆಗಳನ್ನು ಗುಂಡಗೆ ಕತ್ತರಿಸಿದ್ದೆಯಲ್ಲ ಆರ್ವೊ! ಪಾಯಿಂಟಿಗೆ ಗೀರು ಬೀಳಬಾರದೆಂದು. ಯಂತ್ರಕ್ಕೆ ಗೀರು ಬೀಳದಂತೆ ಅಷ್ಟು ಯೋಚಿಸಿದವನಿಗೆ ಅಪ್ಪ ಒಬ್ಬರಿದ್ದಾರೆ ಎಂಬುದು ಹೊಳೆಯಲಿಲ್ಲವೆ? ಮಾರ್ಚಿನಲ್ಲಿ ರೈಲುದಾರಿ ಹೆದ್ದಾರಿಯನ್ನು ದಾಟುವಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಯ ಚಾಲಕ ಮಾವನ ಮುಂದೆ ಕೊನೆಯ ಕ್ಷಣದಲ್ಲಿ ಬ್ರೇಕ್ ಹಾಕಿದ್ದು ನನಗೂ ಗೊತ್ತು. ಅವನು ನಮ್ಮ ಅಡುಗೆಮನೆಯಲ್ಲಿ ನಡುಗುತ್ತಾ ಕೂತಾಗ ಕಾಫಿ ಕೊಟ್ಟವಳೇ ನಾನು. ನಿನ್ನ ಭಯ ಸುಳ್ಳಲ್ಲ, ಸಣ್ಣದೂ ಅಲ್ಲ. ಆದರೆ ಅಪ್ಪ ಆಚೆ ಕೋಣೆಯಲ್ಲೇ ಇದ್ದರು. ಎದ್ದು ಹೋಗಿ “ಇನ್ನು ಬೇಡ ಅಪ್ಪ” ಎನ್ನಬಹುದಿತ್ತು. ಅವರು ಬೈಯುತ್ತಿದ್ದರು, ಬಾಗಿಲು ಬಡಿಯುತ್ತಿದ್ದರು, ಒಂದು ವಾರ ನಿನ್ನ ಜೊತೆ ಮಾತು ಬಿಡುತ್ತಿದ್ದರು. ಅದು ಅಪ್ಪ-ಮಗನ ಜಗಳ, ಮನುಷ್ಯರ ಜಗಳ. ನೀನು ಅದನ್ನು ತಪ್ಪಿಸಿಕೊಳ್ಳಲು ಶೆಡ್ಡಿಗೆ ಹೋದೆ, “ಎಣ್ಣೆ ಬದಲಾಯಿಸಿ ಕೊಡ್ತೀನಿ” ಎಂದೆ, ಹಡಗು ಹತ್ತಿದೆ. ನೀನು ಗಾಡಿಯನ್ನಷ್ಟೇ ಸುಮ್ಮನಾಗಿಸಿದೆ ಎಂದುಕೊಂಡೆ. ಅವರಿಗೆ ತಮ್ಮ ಮೈಯ ಮೇಲೇ ನಂಬಿಕೆ ಹೋಯಿತು. ಮುದುಕರಾದರೆ ಏನು, ಅವರ ಮುಖ ನೋಡಿ ಇಲ್ಲವೆನ್ನುವ ಮರ್ಯಾದೆಯನ್ನೂ ಕೊಡಬಾರದೆ?

ಚೂರು ತೆಗೆದ ಮೇಲೆ ಅವರು ಮೊದಲು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಪ್ಲಗ್ಗಿನ ತಂತಿಯನ್ನು ಬೆರಳಲ್ಲಿ ಹಿಡಿದು ನನಗೆ ಹಗ್ಗ ಎಳೆಯಲು ಹೇಳಿದರು. ಕಿಡಿ ಹೊಡೆದದ್ದಕ್ಕೆ “ಪೆರ್ಕೆಲೆ!” ಎಂದು ಫಿನ್ನಿಶ್‌ನಲ್ಲಿ ಸೈತಾನನ ಹೆಸರೆತ್ತಿ ಅರಚಿದ್ದು ಪಾದ್ರಿಯ ಮನೆಗೂ ಕೇಳಿಸಿರಬೇಕು. ಇನ್ನೊಮ್ಮೆ ಎಳೆ ಎಂದರು. ಮತ್ತೂ ಒಮ್ಮೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಸುಲೊ ಹೇಳಿದ, “ಸಾಕು ಮಾರಾಯ, ಕೂದಲು ನೆಟ್ಟಗಾಗುತ್ತೆ.” “ಇದ್ರೆ ತಾನೆ” ಎಂದರು. ಆಮೇಲೆ ಪ್ಲಗ್ ಹಾಕಿ ಎಳೆದೆ. ಒಂದೇ ಎಳೆತಕ್ಕೆ ಹಿಡಿಯಿತು.

ಬಸಿಯಲ್ಲಿ ಕಾಫಿ ಮತ್ತೆ ಶುರುವಾಗಿದೆ. ಬ್ರೆಡ್ಡನ್ನು ಮತ್ತೆ ಅವರೇ ದಪ್ಪ ದಪ್ಪ ಕತ್ತರಿಸುತ್ತಾರೆ. ಆದರೆ ಗಾಡಿ ಹತ್ತುತ್ತಿಲ್ಲ. ದಿನವೂ ಬೆಳಿಗ್ಗೆ ಶೆಡ್ಡಿನ ಮುಂದೆ ಅದನ್ನು ಸ್ಟಾರ್ಟ್ ಮಾಡುತ್ತಾರೆ, ತಲೆ ಓರೆ ಮಾಡಿ ಕೇಳುತ್ತಾರೆ, ಆರಿಸುತ್ತಾರೆ, ಒಳಗೆ ಬರುತ್ತಾರೆ. ಯಾಕೆ ಮಾವ ಎಂದರೆ, “ಹವಾ ಸರಿ ಇಲ್ಲ” ಎನ್ನುತ್ತಾರೆ. ಆಕಾಶ ನೀಲಿಯಾಗಿ ತೊಳೆದಿಟ್ಟ ಹಾಗಿದೆ.

ಮಾತ್ರೆ ತಪ್ಪಿಸಬೇಡ. ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು, ಉಪ್ಪಿನ ವಿಷಯವನ್ನೂ ಹೇಳು. ದೊಡ್ಡ ಗಾಳಿ ಏಳುವ ತಿಂಗಳು ಹತ್ತಿರವಾಯಿತು, ಡೆಕ್ಕಿನ ಮೇಲೆ ಕೈಬಿಟ್ಟು ಓಡಾಡಬೇಡ. ನೀರು ನಿನ್ನನ್ನು ಜೋಪಾನವಾಗಿ ಹೊತ್ತಿರಲಿ. ಸಿಟ್ಟು ಹಾಗೆಯೇ ಇದೆ, ಉಳಿದದ್ದೂ ಹಾಗೆಯೇ ಇದೆ.

ನಿನ್ನ
ಎಲ್ವಿ

ತಾ.ಕ.: ಅಂಚೆಯವನು ಗೇಟಿನಲ್ಲಿದ್ದಾನೆ, ಬೇಗ ಬೇಗ. ಈ ಪತ್ರಕ್ಕೆ ನನಗೆ ಉತ್ತರ ಬರೆಯಬೇಡ. ಕ್ಷಮೆ ಕೇಳಿ ಬರೆದರೆ ಅದನ್ನು ನಾನು ಅವರಿಗೆ ಓದಿ ಹೇಳಬೇಕು, ನಾನು ಓದುವುದಿಲ್ಲ. ಅದಿರು ಇಳಿಸುವ ದಡದಲ್ಲಿ ಫೋನ್ ಇದೆಯಲ್ಲ, ಭಾನುವಾರ ಸಂಜೆ ಮಾಡು. ಇಲ್ಲಿ ಎತ್ತುವವರು ಅವರೇ, ಈಗಾಗಲೇ ಹೇಳಿದ್ದೇನೆ. ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡಿದ್ದಾರೆ. ಗಾಡಿ ಹತ್ತಿ ಹೋಗು ಅನ್ನುವುದಾದರೆ ಹೋಗು ಅನ್ನು. ಬೇಡ ಅನ್ನುವುದಾದರೆ ಬೇಡ ಅನ್ನು, ಅವರು ಬೈದು ಮುಗಿಸುವವರೆಗೆ ಫೋನ್ ಇಡಬೇಡ.