ಮೂರನೇ ಮೇಜಿನ ಮೇಲೆ ಮಾತ್ರ ನೆಟ್ಟ ಕಣ್ಣು

ಆಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ನೆಲಮಾಳಿಗೆಯ ಸ್ಟೆರಿಲೈಸೇಷನ್ ವಿಭಾಗದ ಮೇಲ್ವಿಚಾರಕರು ಕಳೆದ ಹನ್ನೊಂದು ತಿಂಗಳಿಂದ ಒಂಬತ್ತು ಜನರ ಕೆಲಸ ನೋಡುವುದನ್ನು ಬಿಟ್ಟು ಒಬ್ಬಳನ್ನೇ ನೋಡುತ್ತಾ ಬಂದರು. ಆ ಒಬ್ಬಳು ನಾನು. ಇದನ್ನು ನಿಮಗೆ ಖಾಸಗಿಯಾಗಿ ತಿಳಿಸಲು ಮೂರು ಸಲ ಅರ್ಜಿ ಬರೆದೆ. ಮೂರಕ್ಕೂ 'ಮೇಲ್ವಿಚಾರಕರ ಮೂಲಕ ಸಲ್ಲಿಸತಕ್ಕದ್ದು' ಎಂಬ ಮೊಹರು ಬಿತ್ತು. ದೂರು ಇರುವುದೇ ಅವರ ಮೇಲೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯ ಕೈಯಲ್ಲೇ ದೂರು ಕೊಟ್ಟು ಕಳಿಸಬೇಕೆಂಬುದು ನಿಮ್ಮ ಕಚೇರಿಯ ನಿಯಮ. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ ಸಲ್ಲಿಸುತ್ತಿದ್ದೇನೆ.

ನೀವು ನಮ್ಮ ಕೋಣೆಗೆ ಬಂದವರಲ್ಲ, ಹಾಗಾಗಿ ಅಲ್ಲಿ ಏನು ನಡೆಯುತ್ತದೆಂದು ಮೊದಲು ಹೇಳಬೇಕು. ಮೇಲಿನ ಆಪರೇಷನ್ ಥಿಯೇಟರುಗಳಲ್ಲಿ ಬಳಸಿದ ಕತ್ತರಿ, ಚಿಮಟ, ಇಕ್ಕಳಗಳು ತೊಟ್ಟಿಲಿನಂಥ ಲಿಫ್ಟಿನಲ್ಲಿ ನಮ್ಮಲ್ಲಿಗೆ ಇಳಿದು ಬರುತ್ತವೆ. ತೊಳೆಯುತ್ತೇವೆ. ಭೂತಗನ್ನಡಿಯ ಕೆಳಗೆ ಒಂದೊಂದರ ಹಲ್ಲು, ಸಂದು, ತಿರುಗಣಿ ನೋಡುತ್ತೇವೆ. ಎಣಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಪ್ಯಾಕ್ ಮಾಡಿ, ಮೇಲೊಂದು ಟೇಪು ಅಂಟಿಸಿ, ಆವಿಯ ಯಂತ್ರದೊಳಗೆ ಇಡುತ್ತೇವೆ. ಶಾಖ ಸರಿಯಾಗಿ ತಗುಲಿದರೆ ಟೇಪಿನ ಗೆರೆಗಳು ಕಪ್ಪಾಗುತ್ತವೆ. ಕಪ್ಪಾಗದಿದ್ದರೆ ಆ ಪ್ಯಾಕು ಮೇಲಕ್ಕೆ ಹೋಗಬಾರದು. ಹೊರಗೆ ತೆಗೆದಾಗ ಬಟ್ಟೆ ಒದ್ದೆಯಾಗಿದ್ದರೂ ಹೋಗಬಾರದು, ಏಕೆಂದರೆ ಒದ್ದೆ ಬಟ್ಟೆಯ ಮೂಲಕ ಕ್ರಿಮಿಗಳು ಸಲೀಸಾಗಿ ಒಳನುಗ್ಗುತ್ತವೆ. ಇಷ್ಟೇ ನಮ್ಮ ವಿದ್ಯೆ. ಈ ಇಷ್ಟನ್ನೇ ಹದಿನೇಳು ವರ್ಷ ಮೂರನೇ ಮೇಜಿನಲ್ಲಿ ಕೂತು ಮಾಡಿದ್ದೇನೆ.

ಮೇಲ್ವಿಚಾರಕರು ಬಂದ ಮೊದಲ ತಿಂಗಳು ನಮ್ಮ ನಡುವೆ ಯಾವ ತಕರಾರೂ ಇರಲಿಲ್ಲ. ಎರಡನೇ ತಿಂಗಳ ಒಂದು ಬೆಳಿಗ್ಗೆ ಥಿಯೇಟರಿನಿಂದ ಫೋನಿನ ಮೇಲೆ ಫೋನು. ಯಂತ್ರದಿಂದ ತೆಗೆದ ಪ್ಯಾಕುಗಳ ಟೇಪು ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತ್ತು. ನಾನು ಅವನ್ನು ಪಕ್ಕಕ್ಕಿಟ್ಟೆ.

"ಕಳಿಸಿಬಿಡಿ, ಮೇಲೆ ಕಾಯ್ತಿದ್ದಾರೆ," ಎಂದರು ಮೇಲ್ವಿಚಾರಕರು.

"ಗೆರೆ ಕಪ್ಪಾಗಿಲ್ಲ ಸಾರ್."

"ಅರ್ಧ ಆಗಿದೆಯಲ್ಲಮ್ಮ."

"ಅರ್ಧ ಸತ್ತ ಕ್ರಿಮಿ ಅಂತ ಇರಲ್ಲ ಸಾರ್."

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಪ್ಯಾಕುಗಳು ಮತ್ತೆ ಯಂತ್ರಕ್ಕೆ ಹೋದವು. ಯೋಚಿಸಿ ನೋಡಿದರೆ, ನಾನು ಅವರ ಮಾತು ಕೇಳದಿದ್ದುದನ್ನು ಅವರು ಮರೆಯುತ್ತಿದ್ದರೇನೋ. ನಗುವನ್ನು ಮರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂದು ಎಂಟು ಜನರ ಮುಂದೆ ಆ ಮಾತನ್ನು ಹಾಗೆ ಹೇಳಬಾರದಿತ್ತೆಂದು ಮರುದಿನವೇ ಹೋಗಿ ಕ್ಷಮೆ ಕೇಳಿದೆ. ಅವರು ಕಡತದಿಂದ ತಲೆ ಎತ್ತದೆ, "ಪರವಾಗಿಲ್ಲ ಮೇಡಂ ಅವರೇ," ಎಂದರು. ಅಂದಿನಿಂದ ಉಳಿದವರೆಲ್ಲ 'ಅಮ್ಮ', 'ತಾಯಿ'. ನಾನೊಬ್ಬಳೇ 'ಮೇಡಂ ಅವರು'. ಗೌರವ ಕೊಟ್ಟೂ ಮನುಷ್ಯರನ್ನು ಹೊಡೆಯಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅದೇ ವಾರ ಅವರ ಕುರ್ಚಿ ನನ್ನ ಮೇಜಿನ ಹಿಂದಕ್ಕೆ ಬಂತು. ಜೊತೆಗೆ ಒಂದು ಉದ್ದನೆಯ ನೋಟುಪುಸ್ತಕ. ನಾನು ಶೌಚಕ್ಕೆ ಎದ್ದರೆ ಹೋದ ಹೊತ್ತು, ಬಂದ ಹೊತ್ತು ಅದರಲ್ಲಿ. ಕೆಲಸ ಮಾಡುತ್ತ ಸಣ್ಣಗೆ ಹಾಡಿಕೊಳ್ಳುವುದು ನನ್ನ ಅಭ್ಯಾಸ, ಅದಕ್ಕೊಂದು ಮೆಮೋ. ಹಾಡು ನಿಲ್ಲಿಸಿದ ಮೇಲೆ 'ಮುಖಭಾವ ಸಹಕಾರದಿಂದ ಕೂಡಿಲ್ಲ' ಎಂದು ಇನ್ನೊಂದು. ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಕೂತವಳ ಭಾವ ಅವರಿಗೆ ಹೇಗೆ ಕಂಡಿತು ಎಂದು ನೀವು ವಿಚಾರಿಸಬಹುದಿತ್ತು. ವಿಚಾರಿಸದೆ ಅದನ್ನು ನನ್ನ ಸೇವಾ ಪುಸ್ತಕದಲ್ಲಿ ಅಂಟಿಸಿದಿರಿ. ನಮ್ಮವರು ಅವರಿಗೆ 'ದುರ್ಬೀನು' ಎಂದು ಹೆಸರಿಟ್ಟರು. ದೂರದ್ದು ನೋಡಲಿಕ್ಕಲ್ಲವೇ ದುರ್ಬೀನು ಇರುವುದು? ನಾನು ಅವರಿಂದ ಮೂರು ಅಡಿ ದೂರದಲ್ಲಿದ್ದೆ.

ಇಲ್ಲಿಯವರೆಗಿನದು ನನ್ನೊಬ್ಬಳ ಸಂಕಟ ಎಂದು ನೀವು ಅನ್ನಬಹುದು. ಮುಂದಿನದನ್ನು ಹಾಗೆ ಅನ್ನಲಾಗದು. ನಾನು ಕಟ್ಟಿ ಆವಿಯಿಂದ ಹೊರತೆಗೆದ ಪ್ಯಾಕುಗಳನ್ನು ಅವರು 'ಪರಿಶೀಲನೆ'ಗೆಂದು ಬಿಚ್ಚತೊಡಗಿದರು. ಬಿಚ್ಚಿದ ಕ್ಷಣಕ್ಕೆ ಅದು ಅಶುದ್ಧ. ಮತ್ತೆ ತೊಳೆದು, ಕಟ್ಟಿ, ಯಂತ್ರಕ್ಕೆ ಹಾಕಬೇಕು. ಹೀಗೆ ದಿನಕ್ಕೆ ಐದಾರು ಪ್ಯಾಕು ಅವರು ಬಿಚ್ಚುವುದು, ನಾನು ಕಟ್ಟುವುದು. ತಿಂಗಳ ಕೊನೆಗೆ 'ಮೂರನೇ ಮೇಜಿನ ಕೆಲಸ ನಿಧಾನ' ಎಂದು ನಿಮಗೆ ವರದಿ! ನನ್ನ ಕೆಲಸದಲ್ಲಿ ತಪ್ಪೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅವರು ಬರುವ ಮೊದಲಿನ ಹದಿನಾರು ವರ್ಷದಲ್ಲಿ ಎರಡು ಸಲ ಎಣಿಕೆ ತಪ್ಪಿದ್ದೇನೆ, ಎರಡನ್ನೂ ನಾನೇ ಹೇಳಿ ಬರೆಸಿದ್ದೇನೆ. ಆದರೆ ಈ ಹನ್ನೊಂದು ತಿಂಗಳಲ್ಲಿ ನಾಲ್ಕು ಸಲ ತಪ್ಪಿದೆ. ಬೆನ್ನ ಮೇಲೆ ಒಬ್ಬರ ಉಸಿರು ಬೀಳುತ್ತಿರುವಾಗ ಏಳರ ನಂತರ ಎಂಟೋ ಒಂಬತ್ತೋ ಎಂದು ಕೈ ನಿಂತುಬಿಡುತ್ತದೆ.

ಎರಡನೇ ಮೇಜಿನವಳು ನನ್ನ ಗೆಳತಿ. ಒಂಬತ್ತು ವರ್ಷ ನಮ್ಮಿಬ್ಬರ ಊಟದ ಡಬ್ಬಿ ಒಟ್ಟಿಗೇ ತೆರೆದಿದೆ. ಒಂದು ಮಧ್ಯಾಹ್ನ ಅವಳು ಡಬ್ಬಿ ಎತ್ತಿಕೊಂಡು ಕಿಟಕಿಯ ಕಡೆಗೆ ಹೋದಳು. ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಕ್ಕಾಗ ಕಣ್ಣು ತಪ್ಪಿಸಿ ಹೇಳಿದಳು: "ಬೇಜಾರ್ ಮಾಡ್ಕೋಬೇಡ ಕಣೇ. ನಿನ್ ಜೊತೆ ಕೂತ್ರೆ ನನ್ ಹೆಸ್ರೂ ಆ ಪುಸ್ತಕಕ್ಕೆ ಹೋಗುತ್ತೆ." ನಾನು ಬೇಜಾರಿಲ್ಲ ಎಂದೆ. ಮನೆಗೆ ಹೋಗುವ ಬಸ್ಸಿನಲ್ಲಿ ಇಡೀ ದಾರಿ ಅತ್ತೆ.

ಮನೆಯಲ್ಲಿ ನನ್ನ ಗಂಡ ಹೊಲಿಗೆ ಯಂತ್ರದ ಮುಂದೆ ಕೂತು ಬದುಕುವ ಮನುಷ್ಯ. ಗಿರಾಕಿಗಳ ಬೈಗುಳವನ್ನು ಗುಂಡಿಯ ಕಾಜದಷ್ಟು ಸಣ್ಣದು ಮಾಡಿ ಬಿಡುವವರು. "ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಇದ್ಬಿಡು," ಎಂದರು. "ಎಮ್ಮೆಗೆ ಸೇವಾ ಪುಸ್ತಕ ಇರಲ್ಲ," ಎಂದೆ. ಆದರೂ ಅವರ ಮಾತಿನಂತೆ ಇರಲು ನೋಡಿದೆ. ಏನಾದರೂ ಅಂದಾಗ ಎದುರಾಡದೆ, "ಯಾವ ತಪ್ಪು ಅಂತ ದಯವಿಟ್ಟು ಬರೆದುಕೊಡಿ ಸಾರ್," ಎಂದು ಮಾತ್ರ ಕೇಳತೊಡಗಿದೆ. ನನ್ನದೇ ಒಂದು ಸಣ್ಣ ಪುಸ್ತಕ ಇಟ್ಟು ದಿನ, ಹೊತ್ತು, ಮಾತು ಬರೆದುಕೊಂಡೆ. ಅವರ ನೆರಳು ಮೇಜಿನ ಮೇಲೆ ಬಿದ್ದರೆ ಕೈಯಲ್ಲಿರುವ ಕತ್ತರಿಯ ತಿರುಗಣಿಯೊಂದನ್ನೇ ನೋಡುತ್ತ ನಿಧಾನ ಉಸಿರಾಡುವುದನ್ನು ಅಭ್ಯಾಸ ಮಾಡಿದೆ. ಕೆಲವು ದಿನ ಇದರಿಂದ ಸಲೀಸಾಯಿತು. ಇನ್ನು ಕೆಲವು ದಿನ ಮನೆ ಬಾಗಿಲ ಬೀಗವನ್ನು ಮೂರು ಸಲ ಎಳೆದು ನೋಡಿ ಬಂದವಳು, ಬಸ್ ನಿಲ್ದಾಣದಿಂದ ಹಿಂದಿರುಗಿ ನಾಲ್ಕನೇ ಸಲ ಎಳೆದು ನೋಡಿದ್ದೇನೆ.

ಒಂದು ಸಂಜೆ ಮಗಳು ಶಾಲೆಗೆಂದು ಏನೋ ಚಿತ್ರ ಬರೆಯುತ್ತಿದ್ದಳು. ಹನ್ನೊಂದು ವರ್ಷದವಳು. ಸ್ವಲ್ಪ ಹೊತ್ತಿನ ಮೇಲೆ ಪೆನ್ಸಿಲ್ ಕೆಳಗಿಟ್ಟು, "ಅಮ್ಮಾ, ನೀನು ಹಿಂದೆ ನಿಂತ್ಕೊಂಡ್ರೆ ನಂಗೆ ಗೆರೆ ನೆಟ್ಟಗೆ ಬರಲ್ಲ," ಎಂದಳು. ನಾನು ಅಲ್ಲಿ ನಿಂತಿದ್ದೇನೆಂದೇ ನನಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದೀನಿ ಎಂದು ಕೇಳಿದೆ. "ದಿನಾ ನಿಲ್ತೀಯಲ್ಲ," ಎಂದಳು. ಮಾನ್ಯರೇ, ನಿಮ್ಮ ಮೇಲ್ವಿಚಾರಕರ ಮೇಲೆ ನನಗಿರುವ ಸಿಟ್ಟಿನಲ್ಲಿ ಈ ಒಂದು ಸಂಜೆಯದು ಎಂದೂ ಆರುವುದಿಲ್ಲ.

ಈಗ ಆ ಗುರುವಾರದ ಸಂಗತಿಗೆ ಬರುತ್ತೇನೆ. ನಿಮ್ಮ ವಿಚಾರಣಾ ಸಮಿತಿ ಕೇಳದೇ ಬಿಟ್ಟದ್ದನ್ನು ಓದುಗರಾದರೂ ಕೇಳಲಿ.

ಎರಡನೇ ಯಂತ್ರದ ನೀರು ಹೋಗುವ ಕೊಳವೆ ಕಟ್ಟಿಕೊಂಡು, ಒಳಗಿನ ಪ್ಯಾಕುಗಳು ಒಣಗದೆ ಬರುತ್ತಿದ್ದವು. ಗೆಳತಿ ಅದನ್ನು ಮೇಲ್ವಿಚಾರಕರಿಗೆ ಹೇಳುವುದನ್ನು ನಾನೇ ಕೇಳಿದ್ದೆ. "ನೋಡೋಣ," ಎಂದಿದ್ದರು. ಗುರುವಾರ ಬೆಳಿಗ್ಗೆ ಅವರು ನನ್ನ ಹಿಂದೆ ನಿಂತು, ಒಂದೇ ಟ್ರೇಯ ಇಕ್ಕಳಗಳನ್ನು ಐದನೇ ಸಲ ಎಣಿಸುತ್ತಿದ್ದರು. ಅತ್ತ ಎರಡನೇ ಯಂತ್ರದ ಬಾಗಿಲು ತೆರೆಯಿತು. ಗೆಳತಿ ರಜೆಯಲ್ಲಿದ್ದವರ ಕೆಲಸವನ್ನೂ ಸೇರಿಸಿ ಮಾಡುತ್ತ ಅವಸರದಲ್ಲಿದ್ದಳು. ತೆಗೆದ ಮೂರು ಪ್ಯಾಕುಗಳ ತಳದಲ್ಲಿ ಬಟ್ಟೆ ಕಪ್ಪಗೆ ಒದ್ದೆಯಾಗಿದ್ದುದು ನನ್ನ ಕುರ್ಚಿಯಿಂದಲೇ ಕಾಣಿಸಿತು. ಅವು ಮೇಲಕ್ಕೆ ಹೋಗುವ ಲಿಫ್ಟಿನತ್ತ ಹೊರಟವು. ನಾನು ಎದ್ದೆ.

"ಮೇಡಂ ಅವರೇ, ಎಲ್ಲಿಗೆ?"

"ಸಾರ್, ಆ ಪ್ಯಾಕು..."

"ನಿಮ್ಮ ಮೇಜು ನೀವು ನೋಡ್ಕೊಳ್ಳಿ. ಊರ ಉಸಾಬರಿ ಬೇಡ."

ನಾನು ಕೂತೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಅರ್ಧ ಕಪ್ಪಾದ ಟೇಪಿಗೆ ಒಪ್ಪದವಳು ಒದ್ದೆ ಪ್ಯಾಕು ಕಣ್ಣೆದುರು ಹೋದರೂ ಕೂತಳು. ಹತ್ತು ನಿಮಿಷ. ಗೋಡೆ ಗಡಿಯಾರ ಎದುರಿಗೇ ಇತ್ತು. ಹನ್ನೊಂದು ತಿಂಗಳಲ್ಲಿ ನನ್ನ ಮೈ ಕಲಿತದ್ದು ಇದನ್ನೇ: ಎದ್ದರೆ ಪುಸ್ತಕ, ಕೂತರೆ ಶಾಂತಿ. ಆಮೇಲೆ ಕೈಗವಸು ಕಿತ್ತೆಸೆದು ಗೋಡೆಯ ಫೋನಿಗೆ ಹೋದೆ. ಅವರು ಹಿಂದಿನಿಂದ ಕರೆಯುತ್ತಲೇ ಇದ್ದರು. ಥಿಯೇಟರಿನ ಹಿರಿಯ ಸಿಸ್ಟರ್ ಎತ್ತಿಕೊಂಡರು.

"ಸಿಸ್ಟರ್, ಈಗ ಬಂದ ಮೂರು ಪ್ಯಾಕು ಮುಟ್ಟಬೇಡಿ. ಒದ್ದೆಯಾಗಿವೆ."

"ಒಂದು ಬಿಚ್ಚಾಯ್ತಮ್ಮ. ಕೈಗೆ ತೇವ ತಗುಲಿತು, ಪಕ್ಕಕ್ಕಿಟ್ಟೆ. ಇನ್ನೆರಡೂ ಹಾಗೇನಾ? ಅಯ್ಯೋ, ಪೇಷಂಟಿಗೆ ಆಗಲೇ ಮತ್ತು ಬರೋ ಔಷಧಿ ಕೊಟ್ಟಾಗಿದೆಯಲ್ಲ!"

ಮೊದಲನೇ ಯಂತ್ರದಲ್ಲಿ ಬೇರೆ ಪ್ಯಾಕು ತಯಾರಾಗಿ ಹೋಗುವವರೆಗೆ ಆ ರೋಗಿ, ಸೊಂಟ ಮುರಿದ ಒಬ್ಬ ಹೆಂಗಸು, ನಲವತ್ತು ನಿಮಿಷ ಆಪರೇಷನ್ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಕಾದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಸಿಸ್ಟರ್ ಕೈ ಚುರುಕಾಗಿತ್ತು. ಚುರುಕಾಗಿಲ್ಲದಿದ್ದರೆ? ನನ್ನ ಆ ಹತ್ತು ನಿಮಿಷಕ್ಕೆ ನಾನು ಯಾರಿಗೆ ಉತ್ತರ ಹೇಳಬೇಕಿತ್ತು?

ನೀವು ಮೂವರ ಸಮಿತಿ ನೇಮಿಸಿದಿರಿ. ಸಮಿತಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಅನುಮತಿಯಿಲ್ಲದೆ ಮೇಜು ಬಿಟ್ಟದ್ದು ನಿಜವೇ? ಮೇಲಿನ ವಿಭಾಗಕ್ಕೆ ನೇರವಾಗಿ ಫೋನ್ ಮಾಡಿದ್ದು ನಿಜವೇ? ಎರಡೂ ನಿಜ ಎಂದೆ. ನನ್ನ ಸಣ್ಣ ಪುಸ್ತಕವನ್ನು ಮುಂದಿಟ್ಟರೆ 'ಖಾಸಗಿ ಟಿಪ್ಪಣಿ' ಎಂದು ಹಿಂದಕ್ಕೆ ತಳ್ಳಿದರು. ಯಂತ್ರದ ವಿಷಯ ಮೊದಲೇ ತಿಳಿಸಿದ್ದಿರಾ ಎಂದು ಗೆಳತಿಯನ್ನು ಕೇಳಿದಾಗ, ಅವಳು ಮೇಲ್ವಿಚಾರಕರ ಮುಖ ನೋಡಿ, "ನೆನಪಿಲ್ಲ," ಎಂದಳು. ವಾರದೊಳಗೆ ನನ್ನನ್ನು ಹಳೆಯ ಕಡತಗಳ ಕೋಣೆಗೆ ವರ್ಗ ಮಾಡಿದಿರಿ. ಅಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ. ನಾನು ಮಾಡುವಂಥದ್ದೂ ಏನೂ ಇಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಗೆಳತಿ ನನ್ನ ಮನೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎನ್ನಲು ನನಗೆ ನಾಲಿಗೆ ಬರಲಿಲ್ಲ. ನನ್ನ ಗಂಡ ಕರೆದರು. ಕೂತವಳು ಬ್ಯಾಗಿನಿಂದ ಮಡಿಸಿದ ಎರಡು ಕಾಗದ ತೆಗೆದಳು. ಯಂತ್ರ ಕೆಟ್ಟಿದೆಯೆಂದು ಅವಳು ಬರೆದುಕೊಟ್ಟ ದೂರಿನ ಪ್ರತಿಗಳು. ಎರಡಕ್ಕೂ ಕೆಳಗೆ ಮೇಲ್ವಿಚಾರಕರ ಸಹಿ. ಒಂದು ಆ ಗುರುವಾರಕ್ಕೆ ಹತ್ತೊಂಬತ್ತು ದಿನ ಮುಂಚಿನದು, ಇನ್ನೊಂದು ಆರು ದಿನ ಮುಂಚಿನದು.

"ಸಮಿತಿ ಮುಂದೆ ಕೂತಾಗ್ಲೂ ಇದೇ ಬ್ಯಾಗಲ್ಲೇ ಇತ್ತು ಕಣೇ. ತೆಗೆಯೋಕೆ ಕೈ ಬರ್ಲಿಲ್ಲ."

"ಇವತ್ತು ಹೇಗೆ ಬಂತು?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನೀನು ಹೋದ ಮರುದಿನದಿಂದ ನನ್ ಹಿಂದೆ ನಿಲ್ತಿದ್ದಾರೆ," ಎಂದಳು. "ಈಗ ನಾನೂ 'ಮೇಡಂ ಅವರು'. ಹದಿನೈದು ದಿನಕ್ಕೇ ನಂಗೆ ನಿದ್ದೆ ಬರೋದೇ ನಿಂತಿದೆ. ನೀನು ಹನ್ನೊಂದು ತಿಂಗಳು ಹೇಗೆ ತಡ್ಕೊಂಡೆ?"

ಸುಳ್ಳು ಹೇಳಲಾರೆ, ಒಂದು ಕ್ಷಣ ನನಗೆ ಒಳಗೊಳಗೇ ಹಿತವಾಯಿತು. ಅನುಭವಿಸಲಿ ಎಂದುಕೊಂಡೆ. ಆದರೆ ಕಾಗದ ಮಡಿಸುವಾಗ ಅವಳ ಬೆರಳು ನಡುಗುತ್ತಿತ್ತು. ಆ ಬೆರಳುಗಳು ನಾಳೆ ಇಕ್ಕಳ ಎಣಿಸಬೇಕು. ಆ ನಡುಕ ನನಗೆ ಗೊತ್ತು. ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಸೇರಿ ಈ ಪತ್ರ ಬರೆಯಲು ಕೂತದ್ದು ಆಗಲೇ.

ನಿಮ್ಮ ಮೇಲ್ವಿಚಾರಕರನ್ನು ಮನೆಗೆ ಕಳಿಸಿ ಎಂದು ನಾನು ಕೇಳುತ್ತಿಲ್ಲ. ಅದು ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಅದು ನಿಮ್ಮಲ್ಲಿ ಎಷ್ಟಿದೆಯೆಂದು ಈ ಪತ್ರ ಅಚ್ಚಾದ ಮೇಲೆ ಎಲ್ಲರಿಗೂ ತಿಳಿಯುತ್ತದೆ. ನಾನು ಕೇಳುವುದು: ಎರಡನೇ ಯಂತ್ರ ರಿಪೇರಿಯಾಗುವವರೆಗೆ ಅದರ ಬಾಗಿಲಿಗೆ ಮೊಹರು ಹಾಕಿಸಿ. ಆ ಎರಡು ದೂರಿನ ಪ್ರತಿಗಳನ್ನು ಮುಂದಿಟ್ಟುಕೊಂಡು, ಆಸ್ಪತ್ರೆಗೆ ಸಂಬಂಧಪಡದವರಿಂದ ಮತ್ತೆ ವಿಚಾರಣೆ ನಡೆಸಿ. ನನ್ನ ಆ ಹತ್ತು ನಿಮಿಷವನ್ನೂ ಅಲ್ಲಿ ವಿಚಾರಿಸಿ, ನಾನು ಉತ್ತರ ಕೊಡುತ್ತೇನೆ. ಮತ್ತು ನನ್ನ ವರ್ಗಾವಣೆ ರದ್ದು ಮಾಡಿ. ಮಾಡಿದರೂ ಮಾಡದಿದ್ದರೂ ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ನೆಲಮಾಳಿಗೆಯ ಬಾಗಿಲಲ್ಲಿ ಇರುತ್ತೇನೆ. ಗೆಳತಿಯೂ ಜೊತೆಗಿರುತ್ತಾಳೆ, ಉಳಿದ ಏಳು ಜನರಲ್ಲಿ ನಾಲ್ವರು ಬರುತ್ತೇವೆ ಎಂದಿದ್ದಾರೆ, ಮೂವರು ಯೋಚಿಸುತ್ತಿದ್ದಾರೆ. ನಮ್ಮನ್ನು ತಡೆಯಬೇಕೆನಿಸಿದರೆ ಯಾರನ್ನೋ ಕಳಿಸಬೇಡಿ, ನೀವೇ ಇಳಿದು ಬನ್ನಿ. ಮೆಟ್ಟಿಲು ಇಪ್ಪತ್ತೆರಡು.

ಇಂತಿ,
ಹದಿನೇಳು ವರ್ಷ ನಿಮ್ಮ ಕಣ್ಣಿಗೆ ಬೀಳದೆಯೂ, ಹನ್ನೊಂದು ತಿಂಗಳು ಒಬ್ಬರ ಕಣ್ಣಿಂದ ತಪ್ಪಿಸಿಕೊಳ್ಳಲಾಗದೆಯೂ ದುಡಿದ,
ಈ ಪತ್ರಕ್ಕೂ ಒಂದು ಮೆಮೋ ಬರುತ್ತದೆಂದು ಬಲ್ಲ ನಿಮ್ಮ ನೌಕರಳು