ಹತ್ತರಲ್ಲಿ ಏಳು ಜನ

ತೋವಿನಕೆರೆ
೧೨-೩-೧೯೬೨

ಪ್ರೀತಿಯ ಅಕ್ಕನಿಗೆ ಪಟಾಲಿ ಮಾಡುವ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಬೈಯಬೇಡ. ಕೂತರೆ ಸೊಂಟ ತಡೆಯುವುದಿಲ್ಲ, ಮಲಗಿಕೊಂಡೇ ಬರೆಯುತ್ತಿದ್ದೇನೆ. ಉತ್ತರ ತಡವಾದದ್ದೂ ಅದಕ್ಕೇ. ತಿರುಮಣಿಯಲ್ಲಿ ಭಾವ, ಮಗು ಚೆನ್ನಾಗಿದ್ದಾರಾ?

ಕಡ್ಲೆಕಾಯಿ ಮೂಟೆ ಎತ್ತಿದಾಗ ಹಿಡಿದ ನೋವು ಬಲಗಾಲಿಗೆ ಇಳಿದಿತ್ತಲ್ಲ, ಈಗ ಪಾದ ಮರಗಟ್ಟಿದೆ. ಚಿವುಟಿದರೆ ಯಾರದೋ ಕಾಲು ಅನ್ನಿಸುತ್ತದೆ. ನನ್ನನ್ನು ಒಪ್ಪಿದ್ದ ಗೌಡಗೆರೆಯವರು, ಲಗ್ನಕ್ಕೆ ಮುಂಚೆ ಡಾಕ್ಟರ ಬಾಯಿಂದ ಕೇಳಬೇಕು ಅಂದರು. ಹೋದ ವಾರ ಅಪ್ಪ, ನಾನು, ಗಂಡಿನ ತಂದೆ ದೊಡ್ಡರಂಗಪ್ಪನವರು, ಅವರ ಮಗ, ಎಲ್ಲ ಮಧುಗಿರಿ ಆಸ್ಪತ್ರೆಗೆ ಹೋದೆವು.

ಡಾಕ್ಟರು ಕಾಲು ಎತ್ತಿಸಿ ನೋಡಿ, ಇದು ಸಯಾಟಿಕಾ, ಸೊಂಟದ ನರದ ನೋವು ಅಂದರು. ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು, ಇಂಥ ನೂರಾರು ಜನರನ್ನು ಕಾದು ನೋಡಿ ಬರೆದಿದ್ದಾರೆ, ಹತ್ತರಲ್ಲಿ ಏಳು ಜನ ಆರು ತಿಂಗಳೊಳಗೆ ತಾವಾಗೇ ಚೇತರಿಸಿಕೊಳ್ಳುತ್ತಾರೆ, ಪಾದ ಮರಗಟ್ಟಿದ್ದರೆ ಇನ್ನೂ ತಡ ಅಂದರು.

"ನಾವ್ ಹತ್ತು ಹೆಣ್ಣು ಕೇಳಿಲ್ಲ ಸ್ವಾಮಿ, ಒಂದೇ. ಇವ್ಳು ಏಳರಾಗೋ ಮೂರರಾಗೋ, ಅಷ್ಟ್ ಹೇಳ್ಬುಡಿ" ಅಂದರು ದೊಡ್ಡರಂಗಪ್ಪನವರು.

"ಅದು ಪುಸ್ತಕದಲ್ಲಿಲ್ಲ ಯಜಮಾನ್ರೆ."

"ಅದಿಲ್ದೆ ಅಷ್ಟ್ ದಪ್ಪ ಯಾಕೆ? ನನ್ ಮಗ ಕಾಲ್ ಮುಂದಾಗಿ ಹುಟ್ಟಿದೋನು. ಅವ್ನು ಸೊಂಟ ತುಳಿದ್ರೆ ಎಲ್ರಿಗೂ ವಾಸಿ!"

ನಿನಗೇ ಗೊತ್ತಲ್ಲ, ಅಂಥವರ ಪಾದ ಸೋಕಿದರೆ ಉಳುಕು ಬಿಡುತ್ತದೆ ಅಂತ ಶಿರಾದಿಂದಲೂ ಜನ ಅವರ ಮನೆಗೆ ಬರುತ್ತಾರೆ.

ಡಾಕ್ಟರು ಮಗನನ್ನೇ ಕೇಳಿದರು: "ವಾಸಿಯಾಗದವರು ಎಷ್ಟು ಜನಪ್ಪ?"

"ವಾಸಿಯಾದೋರು ತೆಂಗಿನಕಾಯಿ ತತ್ತಾರೆ. ಆಗ್ದೋರು ತಿರುಗಾ ಬರಲ್ಲ. ನಾ ಕೇಳಿಲ್ಲ."

"ಹಾಗಾದರೆ ನೀನು ಎಣಿಸಿದ್ದು ಕಾಯಿ ತಂದವರನ್ನು ಮಾತ್ರ."

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಗಂಡಿನ ಹತ್ತಿರ ಬೇಡಿಕೊಂಡರು: "ನೀನೇ ಒಂದ್ಸಲ ತುಳಿಯಪ್ಪ, ನೋಡಾನ." ದೊಡ್ಡರಂಗಪ್ಪನವರು ಅಡ್ಡ ಬಂದರು. "ವಾಸಿ ಆಗ್ದಿದ್ರೆ? ತುಳಿಯೋನ ಹೆಂಡ್ತಿಯೇ ಕುಂಟಿದ್ರೆ ನಮ್ ಮನೆಗೆ ಯಾರ್ ಬತ್ತಾರೆ ಕಣಪ್ಪ?" ಮಗ ಬಸ್ಸಿನ ಕಡೆ ನೋಡುತ್ತಿದ್ದರು. ನಾನೂ ಬಸ್ಸನ್ನೇ ನೋಡಿದೆ.

ಭಾವನಿಗೆ ನಮಸ್ಕಾರ ತಿಳಿಸು. ಮಗು ನೂರು ಕಾಲ ಬಾಳಲಿ.

ಇಂತಿ ನಿನ್ನ ತಂಗಿ
ಪಟಾಲಮ್ಮ

ಮರೆತಿದ್ದೆ: ಲಗ್ನ ನಿಂತಿಲ್ಲ. ದಿನ ಅದೇ, ಗಂಡೂ ಅವರೇ. ಹೆಣ್ಣು ಮಾತ್ರ ನಮ್ಮ ಚಿಕ್ಕವಳು, ಮುನಿಯಮ್ಮ. ಸಂಬಂಧ ಉಳಿಯಿತಲ್ಲ ಅಂತ ಅಪ್ಪ ಒಪ್ಪಿಕೊಂಡರು. ನನಗೆ ಅಳು ಬರಲಿಲ್ಲ. ನೀನು ತಪ್ಪದೆ ಬಾ. ಇವತ್ತು ಬೆಳಿಗ್ಗೆ ನನ್ನ ಧಾರೆ ಕುಪ್ಪಸದ ಹೊಲಿಗೆ ಬಿಚ್ಚಿ, ಅವಳ ಅಳತೆಗೆ ಹಿಡಿದು ಹೊಲಿದೆ.