ನನ್ನ ಹಳ್ಳಕ್ಕೆ ಕೆರೆಯ ಮೀನು ಬೇಡ

ಟಿಲ್ಲರಿ ಹಳ್ಳ, ಅಲಬಾಮ
ಮೇ ೧೪, ಭಾನುವಾರ (ಚರ್ಚಿಗೆ ಹೋಗದೆ ಕೂತು ಬರೆದದ್ದು)

ನನ್ನ ಡೆಲ್ಮರ್,

ಮಂಡಿನೋವು ಹೇಗಿದೆ? ನೀನು ದುಡಿಯುವ ದೋಣಿಯ ಅಡುಗೆಯವನು ಈಗಲೂ ಕೈಗೆ ಬಂದಷ್ಟು ಉಪ್ಪು ಸುರಿಯುತ್ತಾನೆಯೇ? ನಾನು ಗಟ್ಟಿಯಾಗಿದ್ದೇನೆ. ಎಷ್ಟು ಗಟ್ಟಿ ಅಂತ ನಿನ್ನ ತಮ್ಮ ರಾಯ್ಸ್‌ನನ್ನೇ ಕೇಳು.

ಗುರುವಾರ ರಾಯ್ಸ್ ಟ್ರಕ್ಕಿನಲ್ಲಿ ದೊಡ್ಡ ಐಸ್ ಪೆಟ್ಟಿಗೆ ಹೇರಿಕೊಂಡು ನಮ್ಮ ಗೇಟಿಗೆ ಬಂದ. ಒಳಗೆ ಅಣೆಕಟ್ಟಿನ ಕೆರೆಯಲ್ಲಿ ಹಿಡಿದ ಹನ್ನೆರಡು ಬಾಸ್ ಮೀನು, ಜೀವಂತ. ಚರ್ಚಿನ ಗಂಡಸರ ಮೀನು ಸ್ಪರ್ಧೆ ಈ ಸಲ ನಮ್ಮ ಹಳ್ಳದಲ್ಲಂತೆ, ತಕ್ಕಡಿಯ ಮುಳ್ಳು ಅಲ್ಲಾಡುವಂಥ ಮೀನು ಬೇಕಂತೆ. ಅವನ್ನು ಅಬ್ಬಿ ಧುಮುಕುವ ಬಂಡೆಯ ಮೇಲಿನ ಮಡುವಿಗೆ ಬಿಡಲು ದಾರಿ ಕೇಳಿದ. ನಾನು ಕುರ್ಚಿ ತಂದು ಗೇಟಿಗೆ ಅಡ್ಡ ಹಾಕಿ ಕೂತೆ.

ಅಬ್ಬಿಯ ಕೆಳಗೆ ಏನಾಯಿತೆಂದು ನೋಡಿದವಳು ನಾನು. ಕೆರೆಯ ಮೀನು ನಮ್ಮ ಹಳ್ಳದ್ದೇ ಆದ ಕೆಂಗಣ್ಣ ಮೀನಿನ ಜೊತೆ ಕೂಡಿ ಮರಿ ಮಾಡಿತು. ಈಗ ಅಲ್ಲಿರುವುದು ಅದೂ ಅಲ್ಲ, ಇದೂ ಅಲ್ಲ. ಬಾಲದ ಅಂಚಿನಲ್ಲಿ ಬಿಳಿ ಗೆರೆ ಇರುವ ಅಸಲು ಕೆಂಗಣ್ಣ ಉಳಿದಿರುವುದು ಅಬ್ಬಿಯ ಮೇಲೆ ಮಾತ್ರ. ಆ ಬಂಡೆ ಹತ್ತಲು ಕೆರೆ ಮೀನಿಗೆ ಆಗದು, ಯಾರಾದರೂ ಹೊತ್ತು ತರಬೇಕು. ಹೊರುವ ಬುದ್ಧಿವಂತರಿಗೆ ನಮ್ಮೂರಲ್ಲಿ ಬರವೇ!

ನಿಮ್ಮ ಕೆಂಗಣ್ಣ ಒಂದು ಬಿಸ್ಕತ್ತಿನಷ್ಟೂ ತೂಗಲ್ಲ ಅತ್ತಿಗೆ ಎಂದು ರಾಯ್ಸ್ ಅಣಕಿಸಿದ. ಹೌದು, ಗೇಣುದ್ದ ಬೆಳೆಯಲು ಅದಕ್ಕೆ ವರ್ಷಗಳೇ ಬೇಕು. ಆದರೂ ಹಳೇ ಬೂಟು ಹಾಕಿ ಸೊಂಟದ ನೀರಲ್ಲಿ ನಿಂತು, ಬಂಡೆಯ ಮರೆಗೆ ಮಿಡತೆ ಎಸೆದು ನೋಡು, ಎಳೆದ ಎಳೆತಕ್ಕೆ ಮೊಣಕೈ ಜುಮ್ಮೆನ್ನುತ್ತದೆ. ಅಪ್ಪ ಈ ನೆಲವನ್ನು ನನ್ನ ಹೆಸರಿಗೆ ಬರೆದದ್ದು ನಾನು ಅದನ್ನು ಹಿಡಿದು ಮುತ್ತಿಟ್ಟು ಮತ್ತೆ ನೀರಿಗೆ ಬಿಡುವುದನ್ನು ನೋಡಿಯೇ.

ಪಾದ್ರಿಗಳ ಹೆಸರು ಹೇಳಿ ಹೆದರಿಸಿದ. ಕೊನೆಗೆ, ಅಣ್ಣ ಹೂಂ ಅಂದಿದಾನೆ ಎಂದ. ಆಗ ನಾನೆಂದೆ: “ಅವನು ಹೂಂ ಅಂದಿದ್ರೆ ಅವನ ದೋಣೀಲೇ ಸಾಕ್ಕೊಳ್ಳಲಿ. ಈ ಗೇಟು ದಾಟ್ಬೇಕಾದ್ರೆ ನನ್ನನ್ನ ದಾಟು.” ಬಿಸಿಲಿಗೆ ಪೆಟ್ಟಿಗೆಯ ನೀರು ಕಾಯತೊಡಗಿದಾಗ ಟ್ರಕ್ಕು ತಿರುಗಿಸಿದ. ಇಂದು ಚರ್ಚಿನಲ್ಲಿ ನನ್ನದೇ ಮಾತು ನಡೆದಿರುತ್ತದೆ. ನಡೆಯಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ದೋಣಿಯ ಅಂಚಿನಲ್ಲಿ ನಡೆಯುವಾಗ ಹುಷಾರು. ದೇವರು ನಿನ್ನನ್ನು ಕಾಯಲಿ, ಅವನಿಗೆ ಬಿಡುವಿಲ್ಲದಿದ್ದರೆ ನಾನಿದ್ದೇನೆ.

ನಿನ್ನವಳೇ ಆದ
ಓಲೀಟಾ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೋಗುವಾಗ ರಾಯ್ಸ್ ಅಂದ: “ನಾಲ್ಕು ವರ್ಷದ ಹಿಂದೆ ಅಣ್ಣ ಬಕೆಟ್ ತುಂಬ ಕೆರೆ ಮೀನು ತಂದು ಮೇಲಿನ ಮಡುವಿಗೆ ಸುರಿದ್ನಲ್ಲ, ಅವತ್ತು ಯಾರ ಗೇಟು ಕಾಯ್ತಿದ್ರಿ ಅತ್ತಿಗೆ?” ಸುಳ್ಳು ಅಂದುಕೊಂಡೆ. ನಿನ್ನೆ ಬೆಳಿಗ್ಗೆ ಮೇಲೆ ಹೋಗಿ ಗಾಳ ಹಾಕಿದೆ. ಸಿಕ್ಕ ಮೀನು ಎರಡು ಗೇಣಿಗೆ ಚೂರು ಕಡಿಮೆ, ಬಾಲದಲ್ಲಿ ಬಿಳಿ ಗೆರೆ ಇಲ್ಲ. ಅದು ನೀನು ತಂದ ಕೆರೆ ಮೀನು, ಡೆಲ್ಮರ್. ಹಾಗಂತ ಬರದೆ ಇರಬೇಡ. ರಜೆ ಹಾಕಿ ಬಾ, ಮನೆಯೊಳಗೆ ಕಾಲಿಡುವ ಮೊದಲು ಗಾಳ ಹಿಡಿದು ಹಳ್ಳಕ್ಕೆ ಇಳಿ, ಬಿಟ್ಟದ್ದನ್ನೆಲ್ಲ ನೀನೇ ಹಿಡಿ. ಎಷ್ಟು ಬಿಟ್ಟಿದ್ದೆ, ನಿಜ ಬರೆ. ಅದರಲ್ಲಿ ಒಂದನ್ನು ಕಳೆ. ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಹುರಿದು, ನಾನೊಬ್ಬಳೇ ತಿಂದಾಗಿದೆ.